ಮಗಳ ಸಮ್ಮೇಳನ, ನನ್ನ ಕೋಟಿನ ಕಾವಲು

ಬಾಗಿಲು ಹಾಕ್ಕೊಂಡು ಬಂದು ಕೂತ್ಕೊಳ್ಳಿ, ಮನಸ್ಸಿನಲ್ಲೇ ಓದಿ, ಬಾಯಿಬಿಟ್ಟು ಓದಬೇಡಿ. ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ನಾನೂ ಇದುವರೆಗೆ ನಮ್ಮ ಬೀದಿಯವರಿಗೆ, ಭಜನೆಗೆ ಬರೋ ಹೆಂಗಸರಿಗೆ, ಮೈಸೂರಿನಲ್ಲಿರೋ ನನ್ನ ತಂಗಿಗೆ ಬಿಟ್ಟರೆ ಒಂದು ನರಪಿಳ್ಳೆಗೂ ಹೇಳಿಲ್ಲ. ಪಕ್ಕದ ಮನೆಯವಳಿಗಂತೂ ಗೊತ್ತಾಗಲೇಬಾರದು. ಅವಳು ಉಡುಪಿ ಕಡೆಯವಳು, ಮನೆಯಲ್ಲಿ ತುಳು ಮಾತಾಡಿದರೂ ಕನ್ನಡ ನನಗಿಂತ ಚೆನ್ನಾಗಿ ಓದ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧ.

ಒಳ್ಳೇ ಕೆಲಸ ಮಾಡೋ ಜನ ಒಂದು ಕಡೆ ಸೇರಿದರು ಅಂದರೆ ಏನಾದರೂ ಒಂದು ಆಗಲೇಬೇಕು. ಪ್ರತಿ ವರ್ಷ ಆಗತ್ತೆ. ನಾನು ಕಣ್ಣಾರೆ ನೋಡಿದ್ದನ್ನ ಮಾತ್ರ ಹೇಳ್ತೀನಿ, ನೋಡದೇ ಇದ್ದದ್ದನ್ನ ಆಮೇಲೆ ಹೇಳ್ತೀನಿ.

ಇಲ್ಲಿ ಹಾಲೆಂಡಿನ ಯುಟ್ರೆಕ್ಟಿನಲ್ಲಿ ನಾನಿರೋದು ಮಗಳ ಮನೆಯಲ್ಲಿ. ಅವಳಿಗೆ ಒಂದು ಸೇವಾಸಂಸ್ಥೆಯಲ್ಲಿ ಕೆಲಸ. ಈ ದೇಶದಲ್ಲಿ ಸೇವೆ ಅಂದರೆ ಅದೊಂದು ನೌಕರಿ. ಮುದುಕರಿಗೆ ಒಂದು ಸಂಸ್ಥೆ, ನಾಯಿಗಳಿಗೆ ಒಂದು, ಕಾಯಿಲೆ ಬಿದ್ದ ಮಕ್ಕಳಿಗೆ ಒಂದು, ಕಾಲುವೆಯಲ್ಲಿರೋ ಕಪ್ಪೆಗೂ ಒಂದು. ಎಲ್ಲದಕ್ಕೂ ಮ್ಯಾನೇಜರುಗಳು. ಇವರೆಲ್ಲ ಒಬ್ಬರಿಂದ ಒಬ್ಬರು ಕಲೀಬೇಕು, ಕಷ್ಟಕ್ಕಾಗಬೇಕು ಅಂತ ನನ್ನ ಮಗಳು ಒಂದು ಸಂಘ ಕಟ್ಟಿದಳು. ಕಟ್ಟಿದ್ದು ನಮ್ಮ ಅಡುಗೆಮನೆ ಮೇಜಿನ ಮೇಲೆ, ನಾನು ಎದುರಿಗೆ ಕೂತು ಹುರುಳಿಕಾಯಿ ನಾರು ತೆಗೀತಾ ಇದ್ದಾಗ. ಮಗಳು ಅಧ್ಯಕ್ಷೆ. ಪಕ್ಕದ ಮನೆಯವಳಿಗೂ ಅಂಥದ್ದೇ ಕೆಲಸ, ಅವಳು ಕಾರ್ಯದರ್ಶಿ. ವರ್ಷಕ್ಕೊಂದು ಸಮ್ಮೇಳನ.

ಮಗಳಿಗೆ ಇದ್ದದ್ದು ಒಂದೇ ಸಂಕಟ. ಜನ ಬರ್ತಾರೆ, ಭಾಷಣ ಕೇಳ್ತಾರೆ, ಕೋಟು ಹಾಕ್ಕೊಂಡು ರೈಲಿಗೆ ಓಡ್ತಾರೆ. ಒಬ್ಬರ ಹತ್ತಿರ ಒಬ್ಬರು ಬಾಯಿ ಬಿಡಲ್ಲ. “ಮಾತೇ ಆಡದಿದ್ದರೆ ಇದು ಕಮ್ಯುನಿಟಿ ಹೇಗಾಗತ್ತೆ ಅಮ್ಮ? ಹೀಗೇ ಆದರೆ ಒಂದು ದಿನ ಸಂಘ ಮುಚ್ಚಿ ಹೋಗತ್ತೆ” ಅಂತ ಒದ್ದಾಡೋಳು.

ನನ್ನನ್ನ ಮನೆಯಲ್ಲಿ ಒಬ್ಬಳೇ ಬಿಟ್ಟರೆ ಬೀದಿಗೆ ಕಷ್ಟ ಅಂತ ಸಮ್ಮೇಳನಕ್ಕೆ ಕರ್ಕೊಂಡು ಹೋಗಿ ಕೋಟು ತಗೊಳ್ಳೋ ಕೌಂಟರಿನಲ್ಲಿ ನಿಲ್ಲಿಸಿದಳು. ಕೋಟು ಇಸ್ಕೊಳ್ಳೋದು, ನಂಬರಿನ ಬಿಲ್ಲೆ ಕೊಡೋದು. ನನ್ನ ಡಚ್ಚು ಬಸ್ ಸ್ಟಾಪಿನಲ್ಲಿ ಕಲಿತ ಡಚ್ಚು. ತಪ್ಪು ತಪ್ಪಾಗಿದ್ದರೂ ಮುಖ್ಯವಾದದ್ದನ್ನೆಲ್ಲ ಹೇಳಕ್ಕೆ ಸಾಕು.

ನಿಂತ ಜಾಗದ ಕಾಫಿ

ಕೌಂಟರಿನಲ್ಲಿ ನನ್ನ ಮೊದಲನೇ ವರ್ಷ. ಆಗಿನ್ನೂ ಎಲ್ಲರ ಕೈಯಲ್ಲೂ ಡೈರಿ ಪುಸ್ತಕ. ನನ್ನ ಕೌಂಟರ್ ಮುಂದೆ ಇಬ್ಬರು ಹೆಂಗಸರು ಕಾಫಿ ಹಿಡ್ಕೊಂಡು ನಿಂತಿದ್ದರು. ಒಬ್ಬಳು ನಾಯಿ ಸಂಸ್ಥೆ, ಇನ್ನೊಬ್ಬಳು ಕಾಯಿಲೆ ಮಕ್ಕಳ ಸಂಸ್ಥೆ. ಇಬ್ಬರ ಆಫೀಸೂ ಲೈಡನ್ನಿನಲ್ಲಿ, ಒಂದೇ ಬೀದಿಯಲ್ಲಿ ಅಂತ ಅವತ್ತೇ ಗೊತ್ತಾಯಿತಂತೆ. ಇಬ್ಬರಿಗೂ ಖುಷಿ.

“ನಿಮ್ಮ ಹತ್ತಿರ ಮಾತಾಡೋದು ಬಹಳ ಇದೆ” ಅಂದಳು ನಾಯಿಯವಳು. “ಒಂದು ಸಲ ಕಾಫಿ ಕುಡಿಯೋಣ.”

“ಖಂಡಿತ” ಅಂದಳು ಮಕ್ಕಳವಳು.

ಇಬ್ಬರೂ ಕೈಯಲ್ಲಿದ್ದ ಕಾಫಿ ನನ್ನ ಕೌಂಟರಿನ ಮೇಲಿಟ್ಟು ಡೈರಿ ತೆಗೆದರು. ಈ ವಾರ ಇವಳಿಗಾಗಲ್ಲ, ಮುಂದಿನ ವಾರ ಅವಳಿಗಾಗಲ್ಲ. ಹಾಳೆ ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ ಏಳು ವಾರ ಬಿಟ್ಟು ಒಂದು ಮಂಗಳವಾರ ಅರ್ಧ ಗಂಟೆ ಸಿಕ್ಕಿತು. ಇಬ್ಬರೂ ಬರ್ಕೊಂಡರು, ಕೈ ಕುಲುಕಿದರು, ಅವಳು ಆ ಬಾಗಿಲಿಗೆ, ಇವಳು ಈ ಬಾಗಿಲಿಗೆ. ಕಾಫಿ ಕೌಂಟರ್ ಮೇಲೇ ಆರಿ ಹೋಯಿತು. ಅವೆರಡನ್ನೂ ನಾನೇ ಕುಡಿದೆ, ಡೈರಿ ನೋಡದೆ.

ಸೂಪಿನ ಸಮಿತಿ

ಊಟ ಚೆನ್ನಾಗಿದ್ದರೆ ಜನ ನಿಂತು ಮಾತಾಡ್ತಾರೆ ಅಂತ ಮಗಳಿಗೆ ಹೊಳೀತು. ಒಣ ಬ್ರೆಡ್ಡು, ಅದರೊಳಗೆ ಚೀಸು, ಇಷ್ಟೇ ಇಲ್ಲಿಯವರ ಮಧ್ಯಾಹ್ನದ ಊಟ. ಅದರ ಜೊತೆ ಬಿಸಿ ಸೂಪು ಇಡೋಣ ಅಂದಳು. ಸಮಿತಿಯವರು ಎಂಟು ಜನ ನಮ್ಮ ಮನೆಗೆ ಬಂದರು. ಇಲ್ಲಿ ಓಟು ಹಾಕಿ ಮುಗಿಸೋ ಪದ್ಧತಿ ಕಡಿಮೆ, ಎಲ್ಲರೂ ಒಪ್ಪೋವರೆಗೂ ಮಾತಾಡ್ತಾನೇ ಇರಬೇಕು. ಒಬ್ಬರಿಗೆ ಟೊಮ್ಯಾಟೊ ಆಗಲ್ಲ, ಒಬ್ಬರಿಗೆ ಬಟಾಣಿ ಆಗಲ್ಲ, ಒಬ್ಬರಿಗೆ ಸೂಪು ಆಗತ್ತೆ, ಆದರೆ ಸೂಪು ಯಾಕೆ ಅನ್ನೋದು ಮೊದಲು ಚರ್ಚೆ ಆಗಬೇಕಂತೆ.

ಮೂರು ಮೀಟಿಂಗ್ ಆದವು. ಪ್ರತಿ ಮೀಟಿಂಗಿಗೂ ನಾನು ರಸಂ ಮಾಡಿ ಲೋಟದಲ್ಲಿ ಕೊಟ್ಟೆ. ಎಲ್ಲರೂ ಎರಡೆರಡು ಲೋಟ ಕುಡಿದರು, ಟೊಮ್ಯಾಟೊ ಆಗದೇ ಇದ್ದವರು ಮೂರು ಕುಡಿದರು. ಮೂರನೇ ಮೀಟಿಂಗಿನ ಕೊನೆಯಲ್ಲಿ ಪಕ್ಕದ ಮನೆಯವಳು ನಿರ್ಣಯ ಓದಿದಳು: ಸೂಪಿನ ವಿಷಯಕ್ಕೆ ಒಂದು ಉಪಸಮಿತಿ.

“ಏನಮ್ಮ, ಇಷ್ಟೊತ್ತು ಕುಡಿದದ್ದು ಏನು ಮತ್ತೆ?” ಅಂದೆ.

“ಅದು ಸೂಪಲ್ಲ ಆಂಟಿ, ಅದು ಅಜೆಂಡಾದಲ್ಲಿ ಇರ್ಲಿಲ್ಲ” ಅಂದಳು.

ಸ್ವಯಂಸೇವಕರ ಪಂಡಿತರು

ಇನ್ನೊಂದು ವರ್ಷ ಯಾರೋ ದೊಡ್ಡ ಪಂಡಿತರನ್ನ ಕರೆಸಿದ್ದರು. ಸಂಬಳ ಇಲ್ಲದೆ ಬಂದು ಕೆಲಸ ಮಾಡೋ ಸ್ವಯಂಸೇವಕರನ್ನ ಹೇಗೆ ನೋಡ್ಕೋಬೇಕು ಅನ್ನೋದು ಅವರ ವಿಷಯ. ಅವರನ್ನ ಗೌರವದಿಂದ ಕಾಣಬೇಕು, ಹೆಸರು ಹಿಡಿದು ಮಾತಾಡಿಸಬೇಕು, ನಗಬೇಕು ಅಂತೆಲ್ಲ ಪುಸ್ತಕ ಬರೆದಿದ್ದಾರಂತೆ.

ಬಂದವರೇ ಕೋಟು ನನ್ನ ಮುಖಕ್ಕೆ ಬರೋ ಹಾಗೆ ಎಸೆದರು. ಬಿಲ್ಲೆ ಕೊಟ್ಟೆ, ತಗೊಳ್ಳಲಿಲ್ಲ. “ನನ್ನ ಕೋಟು ಯಾವುದು ಅಂತ ನಿನಗೆ ಗೊತ್ತಿರಬೇಕು” ಅಂದರು. ಈ ದೇಶದಲ್ಲಿ ಎಲ್ಲರ ಕೋಟೂ ಕಪ್ಪು, ಅದೂ ಗೊತ್ತಿಲ್ಲ ಪಂಡಿತರಿಗೆ. “ಈ ಬ್ಯಾಗು ಕೂಡ ಒಳಗೆ ತಗೊಂಡು ಹೋಗು, ನನಗೆ ತಡ ಆಗಿದೆ” ಅಂದರು. ನನ್ನ ಎದೆ ಮೇಲೆ ಬ್ಯಾಡ್ಜಿನಲ್ಲಿ ಸ್ವಯಂಸೇವಕಿ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು.

ನಾನು ಬ್ಯಾಗು ಹೊತ್ಕೊಂಡು ಹೋಗಿ ವೇದಿಕೆ ಮೇಲಿಟ್ಟೆ. ಅವರು ಮೈಕು ಹಿಡಿದು, “ಸ್ವಯಂಸೇವಕರು ನಮ್ಮ ಹೃದಯ” ಅಂತ ಶುರು ಮಾಡಿದರು. ಒಂದೂವರೆ ಗಂಟೆ.

ಮಗಳು ಬಂದು ನನ್ನ ಕೈ ಹಿಡ್ಕೊಂಡಳು. “ಅಮ್ಮ, ದಮ್ಮಯ್ಯ, ಇದನ್ನ ಯಾರಿಗೂ ಹೇಳಬೇಡ. ದೊಡ್ಡ ಮನುಷ್ಯರು.”

ಮಗಳ ಮಾತು ಮೀರಲಿಲ್ಲ ನಾನು. ಯಾರ ಹತ್ತಿರಾನೂ ಹುಡುಕ್ಕೊಂಡು ಹೋಗಿ ಹೇಳಲಿಲ್ಲ. ಕೋಟು ತಗೊಳ್ಳಕ್ಕೆ ಬಂದವರಿಗೆ ಮಾತ್ರ ಹೇಳಿದೆ.

ಒಂದೇ ಬಿಲ್ಲೆಗೆ ಎರಡು ಕೋಟು

ಈಗ ಬಂತು ನೋಡಿ ಅಸಲು ವಿಷಯ. ಬಾಗಿಲು ಹಾಕಿದೆ ತಾನೆ?

ಆಮ್‌ಸ್ಟರ್‌ಡಾಮಿನ ಜೈಡಾಸಿನಲ್ಲಿ, ಎಲ್ಲಾ ಗಾಜಿನ ಕಟ್ಟಡಗಳೇ ಇರೋ ಕಡೆ, ಇನ್ನೊಂದು ದೊಡ್ಡ ಸಂಘ ಇದೆ. ಅದರ ನಿರ್ದೇಶಕರು ನಮ್ಮ ಸಂಘಾನ ತಮ್ಮದರೊಳಗೆ ಸೇರಿಸ್ಕೊಳ್ಳಕ್ಕೆ ಬಂದರು. ಸೇರಿದರೆ ಮಗಳು ಹನ್ನೆರಡು ವರ್ಷ ಕಟ್ಟಿದ್ದು ಅಲ್ಲಿಗೆ ಮುಗೀತು. ಪಕ್ಕದ ಮನೆಯವಳು ನಮ್ಮ ಅಡುಗೆಮನೆಯಲ್ಲೇ ನಿಂತು ಹೇಳಿದಳು, “ಸೇರಿಸುವ ಮಾರಾಯ್ತಿ. ನಮ್ಮವರು ಒಬ್ಬರ ಮುಖ ಒಬ್ಬರು ನೋಡುದಿಲ್ಲ. ಬಾಯಿ ಮುಚ್ಚಿ ಕೂರ್ಲಿಕ್ಕೆ ಯಾವ ಹಾಲ್ ಆದ್ರೆ ಏನು?” ಮಗಳು ಅವತ್ತು ಊಟಾನೇ ಮಾಡಲಿಲ್ಲ. ಸಮ್ಮೇಳನದ ದಿನ ಮಧ್ಯಾಹ್ನ ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡೋದು ಅಂತಾಯಿತು.

ಆ ಬೆಳಗ್ಗೆ ಜಡಿಮಳೆ. ಪಕ್ಕದ ಮನೆಯವಳು ಬಂದಳು. ಒಬ್ಬಳೇ ಅಲ್ಲ. ಆ ಗಾಜಿನ ಕಟ್ಟಡದ ನಿರ್ದೇಶಕರ ಜೊತೆ, ಒಂದೇ ಛತ್ರಿಯಲ್ಲಿ, ನಗ್ತಾ. ಅವರು ಕೋಟು ಬಿಚ್ಚಿದರು, ಇವಳು ಬಿಚ್ಚಿದಳು. “ಎರಡಕ್ಕೂ ಒಂದೇ ಬಿಲ್ಲೆ ಸಾಕು ಆಂಟಿ, ಹೋಗುವಾಗ ಒಟ್ಟಿಗೆ ಹೋಗ್ತೇವೆ” ಅಂದಳು.

ನಾನು ಎರಡನ್ನೂ ಒಂದೇ ಹ್ಯಾಂಗರಿಗೆ ಹಾಕಿದೆ. ಅವರ ಕೋಟಿನ ತೋಳು ಇವಳ ಕೋಟಿನ ಹೆಗಲ ಮೇಲೆ ಬಿತ್ತು. ನಾನು ಬೀಳಿಸಲಿಲ್ಲ, ಅದೇ ಬಿತ್ತು.

ನಾನು ಕೆಟ್ಟ ಮಾತು ಒಂದೂ ಆಡಿಲ್ಲ, ದೇವರಾಣೆ. ಹಿಂದೆಯೇ ಬಂದ ನಾಯಿ ಸಂಸ್ಥೆಯವಳಿಗೆ ಆ ಹ್ಯಾಂಗರು ತೋರಿಸಿ, “ಇವಳ ಗಂಡ ಪಾಪ, ಬಹಳ ಒಳ್ಳೆಯವರು” ಅಂದೆ. ಅಷ್ಟೇ. ಅವಳು ಹ್ಯಾಂಗರ್ ನೋಡಿದಳು, ನನ್ನ ನೋಡಿದಳು, ನೆಟ್ಟಗೆ ಕಾಯಿಲೆ ಮಕ್ಕಳವಳ ಹತ್ತಿರ ಹೋದಳು. ಡೈರಿ ತೆಗೀಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಏನು ಹೇಳಲಿ ನಿಮಗೆ. ಬ್ರೆಡ್ಡು ಕೈಯಲ್ಲಿ ಹಾಗೇ ಇದೆ, ಜನ ಗುಂಪು ಗುಂಪು. ನಾಯಿಯವರು ಮುದುಕರ ಸಂಸ್ಥೆಯವರ ಕಿವಿಯಲ್ಲಿ, ಮುದುಕರವರು ಕಪ್ಪೆಯವರ ಕಿವಿಯಲ್ಲಿ. ಮೊದಲು ಛತ್ರಿ ವಿಷಯ ಆಯಿತು. ಆಮೇಲೆ ಅವರವರ ಆಫೀಸಿನ ಛತ್ರಿಗಳು ಒಂದೊಂದಾಗಿ ಹೊರಗೆ ಬಂದವು. ಯಾರ ಬಾಸ್ ಎಂಥವನು, ಯಾರು ಕೆಲಸ ಬಿಡ್ತಾರೆ, ಯಾರಿಗೆ ಒಳ್ಳೇ ಕೆಲಸಗಾರರು ಬೇಕು. ಅಲ್ಲೇ ನಿಂತಲ್ಲಿ ಇಬ್ಬರಿಗೆ ಹೊಸ ಕೆಲಸ ಗೊತ್ತಾಯಿತು. ಮಗಳು ಮೂರು ಸಲ ಗಂಟೆ ಬಾರಿಸಿದಳು, ಒಬ್ಬರೂ ಒಳಗೆ ಹೋಗಲಿಲ್ಲ.

ಅವಳು ನನ್ನ ಹತ್ತಿರ ಓಡಿ ಬಂದಳು. ಕಣ್ಣಲ್ಲಿ ನೀರು. “ಅಮ್ಮ, ನೋಡು, ಎಲ್ಲರೂ ಮಾತಾಡ್ತಾ ಇದ್ದಾರೆ. ಈ ಸಲ ಬಣ್ಣದ ಬ್ಯಾಡ್ಜ್ ಕೊಟ್ಟದ್ದು ಕೆಲಸ ಮಾಡ್ತು.”

“ಹೂಂ ಕಣಮ್ಮ, ಬ್ಯಾಡ್ಜು ಚೆನ್ನಾಗಿದೆ” ಅಂದೆ. ಮಕ್ಕಳ ಮನಸ್ಸು ಯಾಕೆ ನೋಯಿಸಬೇಕು.

ಕೈ ಎತ್ತೋ ಹೊತ್ತು ಬಂತು. ಕಪ್ಪೆ ಸಂಸ್ಥೆಯ ಯಜಮಾನರು ಎದ್ದು ನಿಂತರು. ಹತ್ತು ವರ್ಷದಲ್ಲಿ ಆ ಮನುಷ್ಯ ಒಂದು ಕೆಮ್ಮು ಕೂಡ ಕೆಮ್ಮಿರಲಿಲ್ಲ. “ಇಷ್ಟು ವರ್ಷ ಬಂದೆ, ಪಕ್ಕದಲ್ಲಿ ಕೂತವರ ಹೆಸರು ಇವತ್ತು ಗೊತ್ತಾಯಿತು. ಈ ಸಂಘ ಬಿಟ್ಟರೆ ಇಂಥದ್ದೆಲ್ಲ ನಮಗೆ ಯಾರು ಹೇಳ್ತಾರೆ?” ಅಂದರು. ಸಂಘ ಬೇರೆಯಾಗೇ ಉಳೀಲಿ ಅಂತ ಕಾಡಿನ ಹಾಗೆ ಕೈ ಎದ್ದವು. ಪಕ್ಕದ ಮನೆಯವಳು ಮಿಕಮಿಕ ನೋಡ್ತಾ ಎಣಿಸಿ, ನಿರ್ಣಯ ಬರ್ಕೊಂಡಳು.

ಸಾಯಂಕಾಲ ಕೋಟಿನ ಸಾಲು. ಸಾಲಿನಲ್ಲಿ ಬಿಲ್ಲೆ ಹಿಡ್ಕೊಂಡು ನಿಂತವರು ಯಾರು ಅಂತೀರಿ? ಅವಳ ಗಂಡ. “ಆಂಟಿ, ಅವರಿಬ್ಬರ ಕೋಟು ಕೊಡಿ. ನಿರ್ದೇಶಕರನ್ನು ಸ್ಟೇಷನ್ನಿಗೆ ಬಿಡ್ಲಿಕ್ಕೆ ಉಂಟು. ಬೆಳಗ್ಗೆ ಕರ್ಕೊಂಡು ಬಂದದ್ದೂ ನಾನೇ, ಅವರ ರೈಲು ಕ್ಯಾನ್ಸಲ್ ಆಗಿತ್ತು.”

“ಬೆಳಗ್ಗೆ ನೀವು ಕಾಣಲಿಲ್ಲವಲ್ಲಪ್ಪ” ಅಂದೆ.

“ಇವರನ್ನು ಬಾಗಿಲಲ್ಲಿ ಇಳಿಸಿ ಪಾರ್ಕಿಂಗ್ ಹುಡುಕ್ತಾ ಇದ್ದೆ. ನಾಲ್ಕು ಬೀದಿ ಸುತ್ತಿದೆ.”

ನಾನು ಎರಡು ಕೋಟನ್ನೂ ತೆಗೆದು ಕೊಟ್ಟೆ. ಸಾಲಿನಲ್ಲಿದ್ದವರಿಗೆ ಕನ್ನಡ ಎಲ್ಲಿ ಬರಬೇಕು? ಅವರು ಕಂಡದ್ದು, ಪಾಪದ ಗಂಡ ಬಂದು ಆ ಎರಡು ಕೋಟನ್ನೂ ತನ್ನ ಕೈಯಾರೆ ಇಸ್ಕೊಂಡದ್ದು. ನಾಯಿ ಸಂಸ್ಥೆಯವಳು ಅವರ ಎರಡೂ ಕೈ ಹಿಡ್ಕೊಂಡು, “ಧೈರ್ಯವಾಗಿರಿ” ಅಂದಳು. ಕಪ್ಪೆಯವರು ಬೆನ್ನು ತಟ್ಟಿದರು. ಆ ಮನುಷ್ಯ ಪಾರ್ಕಿಂಗ್ ಕಷ್ಟಕ್ಕೆ ಇಷ್ಟು ಮರುಗೋ ಜನಾನ ನೋಡೇ ಇರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು.

ಮಾರನೇ ದಿನ ಬೆಳಗ್ಗೆ ನಮ್ಮ ಬೆಲ್ಲು ಹೊಡೀತು. ಪಕ್ಕದ ಮನೆಯವಳು. ಮಗಳು ಕಾಫಿ ಲೋಟ ಹಿಡ್ಕೊಂಡು ನನ್ನ ಹಿಂದೆ ಬಂದು ನಿಂತಳು. ಪಕ್ಕದ ಮನೆಯವಳು ಒಳಗೆ ಬರಲಿಲ್ಲ, ದನಿ ಎತ್ತಲಿಲ್ಲ. ಹೊಸಿಲಿನಾಚೆ ನಿಂತು ನನ್ನ ಮುಖಕ್ಕೇ ಹೇಳಿದಳು:

“ಆಂಟಿ, ನಿನ್ನೆಯಿಂದ ನನ್ನ ಗಂಡನಿಗೆ ಹದಿನಾಲ್ಕು ಜನ ಸಮಾಧಾನದ ಮೆಸೇಜ್ ಕಳಿಸಿದ್ದಾರೆ. ನಾಯಿ ಸಂಸ್ಥೆಯವಳು, ಒಂಟಿತನಕ್ಕೆ ಒಂದು ನಾಯಿ ಸಾಕಿ ಅಂತ ಫೋಟೋ ಕಳಿಸಿದ್ದಾಳೆ. ಇವರಿಗೆ ವಿಷಯ ಏನೂಂತ ಅರ್ಥ ಆಗ್ಲಿಲ್ಲ, ನಾಯಿ ಮಾತ್ರ ಇಷ್ಟ ಆಗಿದೆ. ನಿಮ್ಮ ಮಗಳಿಗೆ ಹನ್ನೆರಡು ವರ್ಷ ಭಾಷಣ ಮಾಡ್ಸಿ, ಬ್ಯಾಡ್ಜ್ ಹಂಚಿ ಕಟ್ಲಿಕ್ಕೆ ಆಗದ ಕಮ್ಯುನಿಟಿಯನ್ನು ನೀವು ನನ್ನ ಮಾನ ತೆಗೆದು ಒಂದೇ ಮಧ್ಯಾಹ್ನದಲ್ಲಿ ಕಟ್ಟಿದ್ರಿ. ಸಂಘ ಉಳೀತು, ಹಾಗಾಗಿ ನಾನು ಬೈಯುದಿಲ್ಲ. ಆದ್ರೆ ಕಾರ್ಯದರ್ಶಿಯಾಗಿ ಒಂದು ನಿರ್ಣಯ ಮಾಡಿದ್ದೇನೆ. ಮುಂದಿನ ವರ್ಷ ಕೋಟಿನ ಹತ್ರ ನಾನು ನಿಲ್ತೇನೆ. ನೀವು ಒಳಗೆ, ಮೊದಲನೇ ಸಾಲಿನಲ್ಲಿ ಕೂತು, ಬೆಳಗ್ಗೆಯಿಂದ ಸಾಯಂಕಾಲದವರೆಗೆ ಎಲ್ಲಾ ಭಾಷಣ ಕೇಳ್ಬೇಕು.”