ಅತ್ತೆಯ ವಾಚು, ಅಳಿಯನ ಕಷಾಯ

"ಈ ಚಳಿಗಾಲ ನನ್ನ ಮೂಗಿಂದ ಒಂದೇ ಒಂದು ಸೀನು ಬಂದ್ರೆ ಆಮೇಲೆ ಕೇಳು!" ಎಂದು ವಾಚು ರಿಪೇರಿಯ ಯಜಮಾನರು ಹೆಂಡತಿಯ ಮುಂದೆ ಶಪಥ ಮಾಡಿದರು.

ಈ ಧೈರ್ಯಕ್ಕೆಲ್ಲ ಕಾರಣ ಹಿತ್ತಲಿನ ಎಕಿನೇಶಿಯ ಎಂಬ ಹೂಗಿಡ. ನೇರಳೆ ಎಸಳು, ನಡುವೆ ಮುಳ್ಳುಹಂದಿಯ ಬೆನ್ನಿನಂಥ ತಲೆ. ಅದರ ಕಷಾಯ ಕುಡಿದವರ ಹತ್ತಿರ ನೆಗಡಿ ಸುಳಿಯುವುದಿಲ್ಲವೆಂದು ಯಾರೋ ಗಿರಾಕಿ ಕಿವಿಯಲ್ಲಿ ಊದಿದ್ದ. ಅಂದಿನಿಂದ ಬೆಳಿಗ್ಗೆ ಕಷಾಯ, ಮಧ್ಯಾಹ್ನ ಕಷಾಯ! ಅದೂ ಸಾಲದೆಂದು ಹೂಕುಂಡಗಳನ್ನೇ ಹೊತ್ತು ತಂದು, ಮುಂಭಾಗದ ಕೋಣೆಯ ಕೆಲಸದ ಮೇಜಿನ ಸುತ್ತ ಕಾವಲಿಗೆ ನಿಲ್ಲಿಸಿದರು.

ಸಂಜೆಗೇ ಮೊದಲ ಸೀನು ಬಂತು.

"ನೋಡಿದ್ಯಾ? ನೆಗಡಿ ಹೆದರಿ ಹೊರಗೆ ಓಡ್ತಿದೆ!" ಎಂದು ಇನ್ನೊಂದು ಲೋಟ ಬಗ್ಗಿಸಿಕೊಂಡರು.

"ರೀ, ನಿಮಗೆ ಹೂವಿನ ಪುಡಿ ಆಗಿಬರಲ್ಲ. ಆ ಕುಂಡ ಹೊರಗಿಡಿ."

"ಔಷಧಿಯಿಂದ ಕಾಯಿಲೆ ಬರುತ್ತೇನೇ? ಸುಮ್ನಿರು!"

ಸೀನು ಹೆಚ್ಚಿದಷ್ಟೂ ಕಷಾಯ, ಕಷಾಯ ಹೆಚ್ಚಿದಷ್ಟೂ ಸೀನು.

ಇಷ್ಟರಲ್ಲಿ ಅತ್ತೆ ವಾಚು ತಂದರು. ತೀರಿಹೋದ ಮಾವ ಕಟ್ಟುತ್ತಿದ್ದ ವಾಚು. ಇದುವರೆಗೆ ಅದನ್ನು ಅಳಿಯನ ಕೈಗೆ ಕೊಟ್ಟವರೇ ಅಲ್ಲ; ಕೆಟ್ಟಾಗಲೆಲ್ಲ ಈ ಮನೆಯ ಬಾಗಿಲು ದಾಟಿಕೊಂಡು ಬೇರೆ ಅಂಗಡಿಗೆ ಒಯ್ಯುತ್ತಿದ್ದರು. ಆ ಅವಮಾನ ಯಜಮಾನರನ್ನು ಒಳಗೊಳಗೇ ಕೊರೆಯುತ್ತಿತ್ತು. ಇವತ್ತು ಮಾನ ಉಳಿಸಿಕೊಳ್ಳುವ ದಿನ!

"ಜೋಪಾನ, ಅಳಿಯಂದಿರೇ," ಎನ್ನುತ್ತ ಅತ್ತೆ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.

ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚು ಬಿಚ್ಚಿ, ಸಾಸಿವೆಯಷ್ಟು ಸಣ್ಣ ಚಕ್ರವನ್ನು ಚಿಮಟದಲ್ಲಿ ಎತ್ತಿದರು. ಉಸಿರು ಬಿಗಿಹಿಡಿದರು. ಮೂಗು ಹಿಡಿಯಲು ಕೈ ಬಿಡುವಿರಲಿಲ್ಲ.

"ಆಆಆ... ಕ್ಷೀ!"

ವಾಚಿನ ಬಿಡಿಭಾಗಗಳೆಲ್ಲ ದಿಕ್ಕಾಪಾಲು! ಹೆಂಡತಿ ಕಪಾಟಿನಡಿಗೆ, ಅತ್ತೆ ಕುರ್ಚಿಯಡಿಗೆ, ಯಜಮಾನರು ಕುಂಡಗಳ ಸಂದಿಗೆ. ಮೂವರೂ ಅಂಬೆಗಾಲಿಕ್ಕಿ ಹುಡುಕಿದ್ದೇ ಹುಡುಕಿದ್ದು. ಸ್ಕ್ರೂ ಸಿಕ್ಕಿತು, ಸ್ಪ್ರಿಂಗು ಸಿಕ್ಕಿತು, ಚಕ್ರ ಮಾತ್ರ ಇಲ್ಲ. ಗಾಬರಿಗೆ ಗಂಟಲೊಣಗಿ, ಯಜಮಾನರು ಮೇಜಿನ ಮೇಲೆ ತಣ್ಣಗಾಗಿದ್ದ ಕಷಾಯವನ್ನು ಗಟಗಟನೆ ಕುಡಿದರು. ಕೊನೆಯ ಗುಟುಕಿನಲ್ಲಿ ಏನೋ ಚುಚ್ಚಿದಂತಾಯಿತು.

"ರೀ," ಹೆಂಡತಿಗೆ ಅನುಮಾನ ಬಂತು, "ಆ ಲೋಟಕ್ಕೆ ಮುಚ್ಚಳ ಇತ್ತಾ?"

ಯಜಮಾನರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಅತ್ತೆ... ಚಕ್ರ ನುಂಗಿಬಿಟ್ಟೆ."

ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅತ್ತೆ ಎದ್ದು ಮಂಡಿಯ ಧೂಳು ಕೊಡವಿಕೊಂಡು ಮಗಳ ಕಡೆ ತಿರುಗಿದರು.

"ಹೋಗ್ಲಿ ಬಿಡೇ. ಮದುವೆಯಾಗಿ ಇಷ್ಟು ವರ್ಷಕ್ಕೆ ನಿನ್ನ ಗಂಡನೊಳಗೂ ಕೆಲಸಕ್ಕೆ ಬರೋ ಒಂದು ಭಾಗ ಸೇರ್ತಲ್ಲ!"