ಇಪ್ಪತ್ತು ಕಿಲೋ ಮಂಡಕ್ಕಿ

ಹಾಲಸ್ವಾಮಿಗೆ ಬೇಕಾಗಿದ್ದುದು ಹೆಚ್ಚೇನೂ ಅಲ್ಲ, ಬೆಳಗಿನ ಹೊತ್ತು ಎರಡು ಗಂಟೆ ಜಾಸ್ತಿ ನಿದ್ದೆ. ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯ ಕಾರ್ಖಾನೆಯಲ್ಲಿ, ನಡುವೆ ಐದೂವರೆಯ ರೈಲು. ಮೂರು ವರ್ಷದಿಂದ ಪಾಪ, ಕತ್ತಲಲ್ಲೇ ಮುಖ ತೊಳೆದು, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಸ್ಟೇಷನ್ನಿಗೆ ಓಡಿದ್ದೇ ಓಡಿದ್ದು. ಕಾರ್ಖಾನೆಯ ಕ್ವಾರ್ಟರ್ಸ್ ಒಂದು ಸಿಕ್ಕಿಬಿಟ್ಟರೆ ಏಳು ಗಂಟೆಯವರೆಗೆ ಹೊದ್ದು ಮಲಗಿದರೂ ಕೇಳುವವರಿಲ್ಲ.

ಈಗ ಒಂದು ಕ್ವಾರ್ಟರ್ಸ್ ಖಾಲಿಯಾಗಿತ್ತು. ಅರ್ಜಿ ಹಾಕಿದವರು ಇಬ್ಬರು: ಹಾಲಸ್ವಾಮಿ, ಮತ್ತು ಅದೇ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದ, ಅದೇ ಕಾರ್ಖಾನೆಯ ಮಂಜಪ್ಪ. ಕೊಡುವವರು ಈಶ್ವರಪ್ಪ ಸಾಹೇಬರು. ಸಾಹೇಬರಿಗೆ ಆಗಷ್ಟೇ ಬಡ್ತಿಯಾಗಿ, ಶನಿವಾರ ಸಂಜೆ ಐವತ್ತು ಜನಕ್ಕೆ ಟೀ ಪಾರ್ಟಿ ನಿಗದಿಯಾಗಿತ್ತು. ಅವರು ಹಿಂದೊಮ್ಮೆ ಹಾಲಸ್ವಾಮಿಯ ಬುತ್ತಿಯಿಂದ ಒಂದು ಹಿಡಿ ಮಂಡಕ್ಕಿ ಒಗ್ಗರಣೆ ತಿಂದು, "ಇಂಥಾದ್ದು ಇಡೀ ಭದ್ರಾವತೀಲಿ ಸಿಗಲ್ಲ ಮಾರಾಯ" ಎಂದು ಬೆರಳು ನೆಕ್ಕಿದ್ದರು. ಅದನ್ನೇ ನೆನಪಿಟ್ಟುಕೊಂಡು ಹಾಲಸ್ವಾಮಿ, "ಸಾರ್, ಐವತ್ತು ಜನಕ್ಕೂ ಮಂಡಕ್ಕಿ ನಮ್ಮ ಮನೆಯಿಂದಾನೇ" ಎಂದುಬಿಟ್ಟ.

"ಹಾಗಾದ್ರೆ ಕ್ವಾರ್ಟರ್ಸ್ ಬೀಗದ ಕೈ ಯಾರಿಗೆ ಅಂತ ನಾನೂ ಅಲ್ಲೇ ಹೇಳಿಬಿಡ್ತೀನಿ" ಎಂದರು ಸಾಹೇಬರು ನಗುತ್ತ. ಆ ನಗೆ ನೋಡಿದವನಿಗೆ ಬೀಗದ ಕೈ ಜೇಬಿಗೇ ಬಿದ್ದಷ್ಟು ಸಂತೋಷವಾಯಿತು.

ಶನಿವಾರ ರಜೆ ಹಾಕಿ, ಬೆಳಿಗ್ಗೆ ಹೆಂಡತಿ ದಾಕ್ಷಾಯಣಿಯ ಎದುರು ಪೆನ್ಸಿಲ್ಲು ಹಿಡಿದು ಕೂತ.

"ತಲೆಗೆ ಎರಡು ಪಾವು ಅಂತ ಇಟ್ಕೊಳ್ಳಿ. ಐವತ್ತು ಜನಕ್ಕೆ ನೂರು ಪಾವು, ಇಪ್ಪತ್ತೈದು ಸೇರು ಮಂಡಕ್ಕಿ. ಪೀರ್ ಬಾಷಾ ಅವರ ಭಟ್ಟೀಲಿ ಹೇಳಿದ್ರೆ ಅಳೆದು ಕೊಡ್ತಾರೆ" ಎಂದಳು ದಾಕ್ಷಾಯಣಿ.

ಮಾತು ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಅದು ಅರವತ್ತೆರಡನೆಯ ಇಸವಿ. ಅಂಗಡಿಗಳಿಗೆ ಕಿಲೋ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಮತ್ತು ಹಾಲಸ್ವಾಮಿ ಹೇಳಿಕೇಳಿ ಕಾರ್ಖಾನೆಯ ಲಾರಿ ತೂಗುವ ಕಟ್ಟೆಯ ಗುಮಾಸ್ತ. ಅದಿರಿನ ಲಾರಿ ಬಂದು ಕಟ್ಟೆಯ ಮೇಲೆ ನಿಲ್ಲುವುದು, ಆತ ಮುಳ್ಳು ನೋಡಿ ಇಷ್ಟು ಟನ್ನು, ಇಷ್ಟು ಕಿಲೋ ಎಂದು ಬರೆಯುವುದು. ಆತನಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಸಿದ್ದಯ್ಯ ಒಂದೇ ಒಂದು ಸೊನ್ನೆ ತಪ್ಪಿ ಬರೆದಿದ್ದಕ್ಕೆ ಈಶ್ವರಪ್ಪ ಸಾಹೇಬರು ಅವನನ್ನು ಕಾಡಿನೊಳಗಿನ ಗಣಿಗೆ ಎತ್ತಿಹಾಕಿದ್ದರು. ಅಲ್ಲಿ ಈಗ ಅವನಿಗೆ ಮಾತಾಡಲು ಕೋತಿಗಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲವೆಂದು ಸುದ್ದಿ. ಹಾಲಸ್ವಾಮಿಯಾದರೋ ಮೂರು ವರ್ಷದಲ್ಲಿ ಅರ್ಧ ಸೊನ್ನೆಯನ್ನೂ ತಪ್ಪಿದವನಲ್ಲ.

"ಇನ್ನೂ ಪಾವು, ಸೇರು ಅಂತಿದ್ದೀಯಲ್ಲ ಮಾರಾಯ್ತಿ! ಅವನ್ನೆಲ್ಲ ಸರ್ಕಾರವೇ ತೆಗೆದುಹಾಕಿದೆ. ತಾ ಇಲ್ಲಿ ನಿನ್ನ ಪಾವನ್ನ."

ಹೋದ ವಾರವಷ್ಟೇ ತಂದಿದ್ದ ಹೊಸ ತಕ್ಕಡಿ ಹೊರಗೆ ಬಂತು. ಪಾವಿನ ತುಂಬ ಅಕ್ಕಿ ಅಳೆದು ಒಂದು ತಟ್ಟೆಗೆ ಸುರಿದ, ಇನ್ನೊಂದಕ್ಕೆ ತೂಕದ ಬಟ್ಟು ಇಟ್ಟ. ಇನ್ನೂರು ಗ್ರಾಂ, ನೆಟ್ಟಗೆ. ಸೀಮೆಸುಣ್ಣ ತೆಗೆದುಕೊಂಡು ಅಡುಗೆಮನೆ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದ: 'ಪಾವು ೧ = ಗ್ರಾಂ ೨೦೦.'

"ಅದು ಅಕ್ಕಿಯದಾಯ್ತಲ್ರೀ. ಮಂಡಕ್ಕಿಗೆ ಬೇರೆ ಇರಲ್ವಾ?"

ಹಾಲಸ್ವಾಮಿಗೆ ನಗು ತಡೆಯಲಾಗಲಿಲ್ಲ. "ಸ್ಕೂಲಲ್ಲಿ ನಮ್ಮ ಮೇಷ್ಟ್ರು ಕೇಳೋರು, ಒಂದು ಮಣ ಹತ್ತಿ ಭಾರವೋ, ಒಂದು ಮಣ ಕಬ್ಬಿಣ ಭಾರವೋ ಅಂತ. ದಡ್ಡರೆಲ್ಲ ಕಬ್ಬಿಣ ಅಂತ ಕಿರುಚೋರು. ನಾನೊಬ್ಬನೇ ಹೇಳಿದ್ದು, ಎರಡೂ ಒಂದೇ ಅಂತ. ನೀನೂ ಆ ದಡ್ಡರ ಬೆಂಚಿಗೇ ಹೋಗಿ ಕೂತ್ಯಲ್ಲೇ! ಪಾವು ಅಂದ್ರೆ ಪಾವು. ಒಳಗೆ ಅಕ್ಕಿ ಇದ್ರೇನು, ಮಂಡಕ್ಕಿ ಇದ್ರೇನು?"

ಇದರಲ್ಲಿ ಎಲ್ಲೋ ಎಡವಟ್ಟಿದೆ ಎಂದು ದಾಕ್ಷಾಯಣಿಗೆ ಅನ್ನಿಸಿತು. ಎಲ್ಲಿ ಎಂದು ಬಾಯಲ್ಲಿ ಹೇಳಲು ಬರಲಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಎದ್ದು ಓಡಿದಳು.

"ನೂರು ಪಾವಿಗೆ ಇಪ್ಪತ್ತು ಸಾವಿರ ಗ್ರಾಂ, ಅಂದ್ರೆ ಇಪ್ಪತ್ತು ಕಿಲೋ" ಎಂದು ಲೆಕ್ಕ ಕಟ್ಟಿದ ಹಾಲಸ್ವಾಮಿ. "ಇಷ್ಟೇನಾ? ನನ್ನ ಲಾರಿ ಚಕ್ರಕ್ಕೆ ಮೆತ್ತಿದ ಕೆಸರೇ ಇಪ್ಪತ್ತು ಕಿಲೋ ಇರುತ್ತೆ!"

ಪೀರ್ ಬಾಷಾ ತನ್ನ ಮಂಡಕ್ಕಿ ಭಟ್ಟಿಯ ಮುಂದೆ ಸೇರನ್ನು ಕೈಯಲ್ಲಿ ಹಿಡಿದೇ ಬರಮಾಡಿಕೊಂಡ. "ಬರ್ರಿ ಸಾಮಿ. ಎಷ್ಟು ಸೇರು ಹಾಕ್ಲಿ?"

"ಸೇರಲ್ಲ ಬಾಷಾ. ಇಪ್ಪತ್ತು ಕಿಲೋ."

ಬಾಷಾನ ಕೈಯಲ್ಲಿದ್ದ ಸೇರು ಕೆಳಗಿಳಿಯಿತು. "ಅರೆ! ಮಂಡಕ್ಕೀನ ತೂಕದ ಮೇಲೆ ಯಾರು ತಗೊಂತಾರೆ ಸಾಮಿ? ಉಫ್ ಅಂದ್ರೆ ಹಾರಿಹೋಗೋ ಮಾಲು. ನಮ್ಮ ಅಬ್ಬಾಜಾನ್ ಕಾಲದಿಂದ ಅಳತೇನೇ."

"ಅಬ್ಬಾಜಾನ್ ಕಾಲ ಹೋಯ್ತು. ಈಗ ಕಾನೂನು ಬಂದಿದೆ, ಗೊತ್ತಾ?"

ಕಾನೂನು ಎಂದ ಮೇಲೆ ಬಾಷಾ ತಣ್ಣಗಾದ. "ಆಗ್ಲಿ, ಪಕ್ಕದ ಬೆಲ್ಲದ ಮಂಡಿಯಿಂದ ತಕ್ಕಡಿ ತರಿಸ್ತೀನಿ. ಆದ್ರೆ ಇಪ್ಪತ್ತು ಕಿಲೋ ಅಂದ್ರೆ ಬಹಳ ಆಗ್ತದೆ ಅನ್ಸುತ್ತೆ ಸಾಮಿ..."

"ದಿನಾ ನೂರು ಲಾರಿ ತೂಗೋನಿಗೆ ತೂಕ ಹೇಳ್ಕೊಡ್ತೀರಾ? ತೂಗಿ, ಗಾಡಿ ಮೇಲೆ ಹಾಕಿ ಮನೆಗೆ ಕಳಿಸಿ."

ಹೀಗೆ ಅಪ್ಪಣೆ ಮಾಡಿ, ಈರುಳ್ಳಿ, ನಿಂಬೆಹಣ್ಣು, ಹಸಿಮೆಣಸಿನಕಾಯಿ ತರಲು ಮಾರ್ಕೆಟ್ಟಿನ ಕಡೆ ಹೊರಟ. ಅಲ್ಲಿ ಪ್ರತಿ ನಿಂಬೆಹಣ್ಣನ್ನೂ ಮೂಸಿ ಮೂಸಿ ಆರಿಸುವುದರಲ್ಲಿ ಹನ್ನೊಂದು ಗಂಟೆಯಾಯಿತು.

ವಠಾರದ ಬಾಗಿಲಿಗೆ ಬಂದರೆ ಜಾತ್ರೆ. ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರೆಲ್ಲ ನೀರು ಮರೆತು ಹಾಲಸ್ವಾಮಿಯ ಮನೆ ಕಡೆ ನೋಡುತ್ತಿದ್ದರು. ಮನೆಯ ಬಾಗಿಲಿಗೆ ಆಳೆತ್ತರದ ಮಂಡಕ್ಕಿ ಮೂಟೆಯೊಂದು ಅಡ್ಡಲಾಗಿ ಸಿಕ್ಕಿಕೊಂಡು ಒಳಗೂ ಹೋಗದೆ ಹೊರಗೂ ಬಾರದೆ ಕೂತಿತ್ತು.

"ಇದೇ ಕಡೇದು" ಎಂದಳು ಪಕ್ಕದ ಮನೆಯ ಸುಭದ್ರಮ್ಮ, ಮಂಜಪ್ಪನ ಹೆಂಡತಿ. "ಮೂರು ಆಗ್ಲೇ ಒಳಗೆ ಹೋದ್ವು. ಅಲ್ಲಾ ಹಾಲಸ್ವಾಮಣ್ಣ, ಅಂಗಡಿ ಇಡ್ತೀವಿ ಅಂತ ನಮಗೊಂದು ಮಾತು ಹೇಳಬಾರ್ದಾ? ನಾವೇನು ಕಣ್ಣು ಹಾಕ್ತಿದ್ವಾ?"

"ಅಂಗಡೀನಾ? ಯಾರಂದ್ರು?"

"ನಿಮ್ಮ ಮನೆಯವರೇ ಹೂಂ ಅಂದ್ರು!"

ಹಾಲಸ್ವಾಮಿ ಮೂಟೆಯ ಮೇಲೆ ಹತ್ತಿ, ಆಚೆ ಕಡೆ ಜಾರಿ, ಮನೆಯೊಳಗೆ ಬಿದ್ದ. ಬಿದ್ದದ್ದು ಮಂಡಕ್ಕಿಯ ಮೇಲೆಯೇ ಆದ್ದರಿಂದ ಪೆಟ್ಟಾಗಲಿಲ್ಲ. ಮೂಟೆ ಇಡಲು ಜಾಗವಿಲ್ಲದೆ ದಾಕ್ಷಾಯಣಿ ಎಲ್ಲವನ್ನೂ ಬಿಚ್ಚಿ ಸಿಕ್ಕಿದ್ದಕ್ಕೆಲ್ಲ ಸುರಿದಿದ್ದಳು. ಸ್ನಾನದ ಹಂಡೆ ತುಂಬ ಮಂಡಕ್ಕಿ, ಮದುವೆಯ ಟ್ರಂಕಿನ ತುಂಬ ಮಂಡಕ್ಕಿ, ಹಿಟ್ಟಿನ ಡಬ್ಬ, ನೀರಿನ ಕೊಳಗ, ಆತನ ಮಳೆಗಾಲದ ಬೂಟನ್ನೊಂದು ಬಿಟ್ಟು ಮನೆಯಲ್ಲಿ ಟೊಳ್ಳಾಗಿದ್ದುದರಲ್ಲೆಲ್ಲ ಮಂಡಕ್ಕಿ.

"ಅಂಗಡಿ ಅಂತ ಯಾಕೆ ಹೂಂ ಅಂದೆ ಮಾರಾಯ್ತಿ?" ಎಂದ ಅಲ್ಲೇ ಕೂತು.

"ಮತ್ತಿನ್ನೇನ್ರೀ ಅನ್ಲಿ? ಲಾರಿ ತೂಗೋ ನಮ್ಮನೆಯವರಿಗೆ ಮಂಡಕ್ಕಿ ತೂಗೋಕೆ ಬರಲಿಲ್ಲ ಅನ್ಲಾ? ಅಂಗಡಿ ಇಡ್ತೀರಾ ಅಂತ ಆಕೆ ಕೇಳಿದ್ಲು, ಹೂಂ ಅಂದೆ. ನಿಮ್ಮ ಮರ್ಯಾದೆ ಉಳೀತು."

ಹಾಲಸ್ವಾಮಿ ಪಾವಿನ ತುಂಬ ಮಂಡಕ್ಕಿ ತೆಗೆದು ತಕ್ಕಡಿಗೆ ಹಾಕಿದ. ಎದುರಿಗೆ ಇನ್ನೂರು ಗ್ರಾಂ ಇಟ್ಟರೆ ಮಂಡಕ್ಕಿಯ ತಟ್ಟೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ನೂರು ಇಟ್ಟ, ಇಳಿಯಲಿಲ್ಲ. ಐವತ್ತು ಇಟ್ಟ, ಇಳಿಯಲಿಲ್ಲ. ಕೊನೆಗೆ ಇಪ್ಪತ್ತು ಗ್ರಾಮಿಗೆ ಮುಳ್ಳು ನೆಟ್ಟಗಾಯಿತು. ಇಪ್ಪತ್ತು! ಒಂದು ಸೊನ್ನೆ ಜಾಸ್ತಿಯಾಗಿತ್ತು. ಸಿದ್ದಯ್ಯ ಮತ್ತು ಅವನ ಕೋತಿಗಳು ಕಣ್ಣ ಮುಂದೆ ಬಂದು ನಿಂತರು.

"ಸೊನ್ನೆ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ, ನಿನ್ನ ದಮ್ಮಯ್ಯ."

ಆಗಲೇ ಬಾಗಿಲಿನ ಮೂಟೆಯ ಮೇಲುಗಡೆ ಮಂಜಪ್ಪನ ಮುಖ ಕಾಣಿಸಿತು. ಎರಡನೇ ಪಾಳಿಗೆ ಹೊರಟಿದ್ದ. "ಶುಭವಾಗ್ಲಿ ಹಾಲಸ್ವಾಮಿ! ಸ್ವಂತ ವ್ಯಾಪಾರದ ಗತ್ತೇ ಬೇರೆ. ನೀವು ಕೆಲಸ ಬಿಡೋ ಸುದ್ದಿ ಸಾಹೇಬ್ರಿಗೆ ಹೇಗೆ ಹೇಳೋದು ಅಂತ ಸಂಕೋಚ ಪಡಬೇಡಿ. ನಾನೇ ಹೇಳ್ತೀನಿ."

"ಮಂಜಪ್ಪ, ನಿಲ್ರೀ, ಒಂದು ನಿಮಿಷ!" ಎಂದು ಹಾಲಸ್ವಾಮಿ ಮೂಟೆ ಹತ್ತಿದ. ಮೂಟೆ ಮೊಣಕಾಲವರೆಗೆ ನುಂಗಿಕೊಂಡಿತು. ಕಾಲು ಕಿತ್ತುಕೊಂಡು ಹೊರಗೆ ಬೀಳುವಷ್ಟರಲ್ಲಿ ಮಂಜಪ್ಪ ಬೀದಿ ತಿರುಗಿ ಹೋಗಿಯಾಗಿತ್ತು.

ಮಧ್ಯಾಹ್ನ ದಾಕ್ಷಾಯಣಿ ಬಾಗಿಲಿನ ಮೂಟೆಯನ್ನು ಜಗುಲಿಗೆ ಎಳೆಸಿ, ಹಂಡೆಯಿಂದ ಪಾವಿನಲ್ಲೇ ನೂರು ಎಣಿಸಿ ತೆಗೆದು, ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಕಲಸಿದಳು. ದೊಡ್ಡ ಬೋಗುಣಿಗೆ ಬಟ್ಟೆ ಕಟ್ಟಿ ಗಂಡನ ತಲೆಯ ಮೇಲಿಟ್ಟು, "ಆ ಕ್ವಾರ್ಟರ್ಸಲ್ಲಿ ನಲ್ಲಿ ಮನೆಯೊಳಗೇ ಇದ್ಯಾ ಅಂತ ಕೇಳಿ" ಎಂದು ಕಳಿಸಿಕೊಟ್ಟಳು.

ರೈಲಿನಲ್ಲಿ ಕೂತ ಮೇಲೆ ಒಗ್ಗರಣೆಯ ವಾಸನೆ ಇಡೀ ಡಬ್ಬಿಗೆ ಹಬ್ಬಿತು. ಡಬ್ಬಿಯಲ್ಲಿದ್ದ ಪರಿಚಯದವರೆಲ್ಲ ಸುತ್ತ ಬಂದು ಕೂತರು. "ಅಂಗಡಿ ಶುರುವಾಯ್ತಂತೆ?" ಎಂದೊಬ್ಬ. "ಮಂಜಪ್ಪ ಹೋಗ್ತಾ ಸ್ಟೇಷನ್ನಿನಲ್ಲಿ ಹೇಳ್ದ. ಬೋರ್ಡಿಗೆ ಏನು ಹೆಸರು?" ಎಂದಿನ್ನೊಬ್ಬ. "ಅಂಗಡೀನೂ ಇಲ್ಲ, ಮಣ್ಣೂ ಇಲ್ಲ!" ಎಂದು ಹಾಲಸ್ವಾಮಿ ರೇಗಿದ. ತೊಡೆಯ ಮೇಲೆ ಬೋಗುಣಿ ತುಂಬ ಮಂಡಕ್ಕಿ ಇಟ್ಟುಕೊಂಡು ಹಾಗೆಂದರೆ ಯಾರು ನಂಬುತ್ತಾರೆ? ಭದ್ರಾವತಿ ಬರುವವರೆಗೂ ಆತ ಬೋಗುಣಿಯನ್ನು ತಬ್ಬಿಕೊಂಡೇ ಕೂತಿದ್ದ.

ಪಾರ್ಟಿ ಬಹಳ ಚೆನ್ನಾಯಿತು. ಐವತ್ತು ಜನರೂ ಎರಡೆರಡು ಸಲ ಹಾಕಿಸಿಕೊಂಡರು. ಈಶ್ವರಪ್ಪ ಸಾಹೇಬರು ಮೂರನೆಯ ಸಲ ತಟ್ಟೆ ಚಾಚಿ, ತಿಂದು, ಕೈ ಒರೆಸಿಕೊಂಡು ಎದ್ದು ನಿಂತರು. ಅವರ ಕೈಯಲ್ಲಿ ಬೀಗದ ಕೈ ಇತ್ತು.

"ಏನ್ರಿ ಹಾಲಸ್ವಾಮಿ, ಕೆಲಸ ಬಿಟ್ಟು ಮಂಡಕ್ಕಿ ಅಂಗಡಿ ಇಡ್ತೀರಂತೆ? ನನಗೊಂದು ಮಾತು ಹೇಳಬಾರ್ದಿತ್ತಾ?"

"ಇಲ್ಲ ಸಾರ್! ಸುಳ್ಳು ಸಾರ್!"

"ಮತ್ತೆ ಮನೇಲಿ ನಾಲ್ಕು ಮೂಟೆ ಇದೆ ಅಂದ್ರು ಮಂಜಪ್ಪ. ಐವತ್ತು ಜನಕ್ಕೆ ನಾಲ್ಕು ಮೂಟೆ ಯಾಕ್ರೀ ಬೇಕು?"

ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ಹಾಲಸ್ವಾಮಿಯ ಕಡೆ ನೋಡಿದರು. ಹೌದು ಅಂಗಡಿ ಎಂದರೆ ಕೆಲಸ ಹೋಯಿತು. ಇಲ್ಲ, ತೂಕದಲ್ಲಿ ಒಂದು ಸೊನ್ನೆ ತಪ್ಪಿತು ಎಂದು ನಿಜ ಹೇಳಿದರೆ ಗಣಿಗೆ ಟಿಕೆಟ್ಟು. ಆಗ ಪುಣ್ಯಕ್ಕೋ ಪಾಪಕ್ಕೋ ಒಂದು ಉಪಾಯ ಹೊಳೆಯಿತು.

"ಅಂಗಡಿ ನಂದಲ್ಲ ಸಾರ್. ನಮ್ಮ... ನಮ್ಮ ಮನೆಯವರದು."

"ಭೇಷ್!" ಎಂದು ಸಾಹೇಬರು ಆತನ ಬೆನ್ನು ತಟ್ಟಿದರು. "ಇದು ಮಾತು! ಈ ಕೈರುಚಿಗೆ ಅಂಗಡಿ ಇಡ್ಲೇಬೇಕು. ನೀವು ಕೆಲಸ ಬಿಡಲ್ಲ ತಾನೆ? ಸಂತೋಷ. ಆದ್ರೆ ಹೆಂಡತಿ ಅಂಗಡಿ ಶಿವಮೊಗ್ಗದಲ್ಲಿ, ನಿಮಗೆ ಕ್ವಾರ್ಟರ್ಸ್ ಇಲ್ಲಿ ಅಂದ್ರೆ ಆಗುತ್ತಾ? ಗಂಡ ಹೆಂಡತೀನ ಅಗಲಿಸಿದ ಪಾಪ ನನಗೆ ಬೇಡಪ್ಪ. ತಗೊಳ್ಳಿ ಮಂಜಪ್ಪ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲಸ್ವಾಮಿಯೂ ತಟ್ಟಿದ, ಬೇರೆ ಏನು ಮಾಡುತ್ತಾನೆ?

ರಾತ್ರಿಯ ರೈಲಿನಲ್ಲಿ ಖಾಲಿ ಬೋಗುಣಿ ಹಿಡಿದು ಬರುವಾಗ ಹೆಂಡತಿಯ ಮುಖ ಹೇಗೆ ನೋಡುವುದು ಎಂಬುದೇ ಯೋಚನೆಯಾಯಿತು. ಮನೆಯೊಳಗೆ ನಲ್ಲಿ ಬೇಕೆಂದು ಪಾಪ ಎಷ್ಟು ಆಸೆ ಇಟ್ಟುಕೊಂಡಿದ್ದಳು! ಹೀಗೆ ಕೊರಗುತ್ತ ವಠಾರಕ್ಕೆ ಬಂದರೆ ಲಾಟೀನಿನ ಬೆಳಕಿನಲ್ಲಿ ಮತ್ತೆ ಜಾತ್ರೆ. ಜಗುಲಿಯ ಮೇಲೆ ದಾಕ್ಷಾಯಣಿ ಮಣೆ ಹಾಕಿಕೊಂಡು ಕೂತು, ಪಾವಿನಲ್ಲಿ ಮಂಡಕ್ಕಿ ಅಳೆದಳೆದು ಸೆರಗಿಗೆ, ಚೀಲಕ್ಕೆ, ಮೊರಕ್ಕೆ ಸುರಿಯುತ್ತಿದ್ದಳು. ಪಕ್ಕದಲ್ಲಿ ಸುಭದ್ರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಸಾಲಾಗಿ ನಿಂತ್ಕೊಳ್ಳಿ, ನೂಕಬೇಡಿ" ಎಂದು ಜನರನ್ನು ನಿಲ್ಲಿಸುತ್ತಿದ್ದಳು. ಸುದ್ದಿಯನ್ನು ಮೂರು ಬೀದಿಗೆ ಹಬ್ಬಿಸಿದವಳೂ ಅವಳೇ.

"ದಾಕ್ಷಾಯಣಿ, ಕ್ವಾರ್ಟರ್ಸ್ ವಿಷಯ..."

"ಅಯ್ಯೋ, ಸಿಕ್ಕಿಬಿಡ್ತೇನ್ರೀ?" ಎಂದು ಅವಳು ಗಾಬರಿಯಿಂದ ಪಾವು ಕೆಳಗಿಟ್ಟಳು.

"ಇಲ್ಲ. ಮಂಜಪ್ಪಂಗೆ ಹೋಯ್ತು."

"ಸದ್ಯ, ಬದುಕಿದೆ! ಮೂಟೆ ಖಾಲಿ, ಹಂಡೆ ಖಾಲಿ, ಟ್ರಂಕು ಖಾಲಿ, ಇನ್ನು ಇರೋದು ಇದೊಂದು ಕೊಳಗ. ಇಷ್ಟು ಗಿರಾಕಿ ಬಿಟ್ಟು ನಾನು ಭದ್ರಾವತಿಗೆ ಹೇಗೆ ಬರ್ಲಿ ಹೇಳಿ?"

"ನಾವು ಹೋದ್ರೆ ನಮ್ಮ ಮನೇನೂ ಖಾಲಿಯಾಗುತ್ತೆ. ಮೂಟೆ ಇಡೋಕೆ ಅದನ್ನೇ ತಗೊಳ್ಳಿ" ಎಂದಳು ಸುಭದ್ರಮ್ಮ.

ಹಾಲಸ್ವಾಮಿ ಒಳಗೆ ಹೋಗಿ ಬೋಗುಣಿ ಇಟ್ಟ. ಅಡುಗೆಮನೆ ಬಾಗಿಲ ಮೇಲೆ ಆತ ಬರೆದಿದ್ದನ್ನು ಯಾರೋ ಅರ್ಧ ಒರೆಸಿ ತಿದ್ದಿದ್ದರು. 'ಪಾವು ೧ = ಪಾವು ೧' ಎಂದಿತ್ತು. ಅಕ್ಷರ ಹೆಂಡತಿಯದು.

"ನಂಗೆ ಸಾಕಾಗಿದೆ. ನಾಳೆ ಭಾನುವಾರ, ಎಂಟು ಗಂಟೆವರೆಗೆ ಎಬ್ಬಿಸಬೇಡ" ಎಂದು ಹಾಸಿಗೆ ಬಿಡಿಸಿದ.

"ಎಂಟಾ? ಬಾಷಾ ಅವರ ಗಾಡಿ ಬೆಳಗಿನ ಜಾವ ನಾಲ್ಕಕ್ಕೇ ಬರುತ್ತೆ. ನೀವೇ ಎದ್ದು ಇಳಿಸ್ಕೋಬೇಕು" ಎಂದಳು ದಾಕ್ಷಾಯಣಿ ಹೊರಗಿನಿಂದಲೇ. "ನಾಳೆ ಮಾತ್ರ ಅಲ್ಲ, ಇನ್ಮೇಲೆ ದಿನಾ. ಮೂಟೆ ಇಳಿಸಿ ಹಾಗೇ ರೈಲಿಗೆ ಹೋಗಬಹುದು, ನಿಮಗೂ ಅನುಕೂಲ."

ಹಾಲಸ್ವಾಮಿ ಹಾಸಿಗೆಯ ಮೇಲೆ ಎದ್ದು ಕೂತ. "ಎಷ್ಟು ತರೋಕೆ ಹೇಳಿದ್ದೀಯ?"

"ನೀವು ಹೇಳಿದಷ್ಟೇ ಕಣ್ರೀ. ಇಪ್ಪತ್ತು ಕಿಲೋ."