ಪಾಲಿಗೆ ಬಂದದ್ದು ಎರಡೂವರೆ ಗುಳಿಗೆ

ಸರಕಾರದ ಆರೋಗ್ಯ ಇಲಾಖೆಯೂ ಸಯನ್‌ನ ನಮ್ಮ ಕನ್ನಡ ಸಂಘವೂ ಕೈಜೋಡಿಸಿ ಮರಾಠಿ ಸೀಮೆಗೆ ದುಡಿಯಲು ಬಂದ ಕನ್ನಡಿಗರಿಗೆ ತಿಂಗಳಿಗೊಂದು ತಪಾಸಣಾ ಶಿಬಿರ ನಡೆಸುತ್ತವೆ. ಡಾಕ್ಟರು ಮರಾಠಿಯವರು. ಬರುವವರು ಉಡುಪಿ ಕಡೆಯ ಹೋಟೆಲಿನವರು, ಕಲಬುರಗಿ ಕಡೆಯ ಕಟ್ಟಡ ಕೆಲಸದವರು. ನಡುವೆ ದುಭಾಷಿ ನಾನು, ನಿವೃತ್ತ ಟೀಚರು. ಎಲ್ಲರಿಗೂ ತಿಳಿಯುವಂತೆ ಹೇಳುವುದು ನನ್ನ ಕೆಲಸ. ಪ್ರತಿ ಸಲ ಏನೂ ತಿಳಿಯದೆ ಮನೆಗೆ ಹೋಗುವವಳೂ ನಾನೇ.

ಖಾಲಿ ಹೊಟ್ಟೆ

ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಸಾರಿ ಸಾರಿ ಹೇಳಿದ್ದೆ. ಹೋಟೆಲಿನ ಅಡುಗೆ ಭಟ್ಟರೊಬ್ಬರು ಬಂದರು. ನೋಡಿದರೆ ಸಕ್ಕರೆ ಗಗನಕ್ಕೇರಿದೆ.

"ಏನಾದರೂ ತಿಂದಿರಾ?"

"ದೇವರಾಣೆ ಇಲ್ಲ ಟೀಚರೇ. ಬೆಳಿಗ್ಗೆಯಿಂದ ಬರೀ ಡ್ಯೂಟಿ. ಸಾಂಬಾರಿನ ಉಪ್ಪು ನೋಡಿದೆ, ಶೀರಾದ ಸಕ್ಕರೆ ನೋಡಿದೆ, ಚಹಾ ಸ್ಟ್ರಾಂಗ್ ಉಂಟಾ ನೋಡಿದೆ."

"ಅದು ತಿಂದ ಹಾಗಲ್ಲವಾ?"

ಭಟ್ಟರಿಗೆ ನಿಜಕ್ಕೂ ಬೇಸರವಾಯಿತು. "ಅದು ಗಿರಾಕಿಗಳಿಗೆ ಅಲ್ವಾ? ನನಗೆ ಎಲ್ಲಿ?"

ಹಾಜರಿ

ಕಟ್ಟಡ ಕೂಲಿಗಳ ಮುಕಾದಮ ಹನ್ನೆರಡು ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ಒಬ್ಬನೇ ಬಂದ.

"ಎಲ್ಲಾರ ಬೀಪಿ ನಂದ ನೋಡ್ರಿ ಅಕ್ಕೋರ. ಬೇಕಾದ್ರ ಹನ್ನೆರಡು ಸಲ ಪಟ್ಟಿ ಕಟ್ರಿ."

"ನಿನ್ನ ಬೀಪಿ ಅವರದ್ದು ಹೇಗಾಗುತ್ತಪ್ಪಾ?"

"ಹಾಜರಿ ನಾನ ಹಾಕ್ತೀನಿ, ಗೇಟ್‌ಪಾಸ್ ನಾನ ತರ್ತೀನಿ. ಇದಕ್ಯಾಕ ಆಗೂದಿಲ್ರಿ?"

ಶಿಬಿರದ ಅರ್ಜಿ ತಿರುವಿದೆ. ಕೆಳಗೆ 'ಗುಂಪಿನ ಪ್ರತಿನಿಧಿಯ ಸಹಿ' ಎಂದು ಸರಕಾರವೇ ಅಚ್ಚು ಹಾಕಿಸಿತ್ತು. ಅವನು ನನ್ನ ಮುಖ ನೋಡಿದ, ನಾನು ಡಾಕ್ಟರ ಮುಖ ನೋಡಿದೆ, ಡಾಕ್ಟರು ಫ್ಯಾನ್ ನೋಡಿದರು.

ಪಾಲು

ಹೇಗೋ ಹನ್ನೆರಡೂ ಜನರನ್ನು ಕರೆಸಿದೆವು. ಬೀಪಿ ಇದ್ದದ್ದು ಒಬ್ಬಳಿಗೇ, ನಾಲ್ಕನೇ ಮಾಳಿಗೆಗೆ ಇಟ್ಟಿಗೆ ಹೊರುವ ಹೆಂಗಸಿಗೆ. ಡಾಕ್ಟರು ಮೂವತ್ತು ಗುಳಿಗೆ ಕೊಟ್ಟು, ತಿಂಗಳಲ್ಲಿ ಇಳಿಯದಿದ್ದರೆ ಮೇಲೆ ಹತ್ತುವಂತಿಲ್ಲ ಎಂದರು. ಅವಳ ಮುಖ ಸಣ್ಣಗಾಯಿತು. "ಹತ್ತಬ್ಯಾಡ ಅಂದ್ರ ಕೆಲಸಾನ ಹೋತಲ್ರಿ ಅಕ್ಕೋರ." ನನಗೂ ಸಂಕಟವಾಯಿತು.

ಮರು ತಿಂಗಳು ನೋಡಿದರೆ ಬೀಪಿ ಕೂತಲ್ಲಿಂದ ಅಲ್ಲಾಡಿಲ್ಲ.

"ಗುಳಿಗೆ ತಗೊಂಡೆಯಾ?"

"ತಗೊಂಡೀನ್ರಿ. ನನ್ನ ಪಾಲಿಗೆ ಎರಡೂವರಿ ಬಂದ್ವು."

"ಪಾಲೇ?"

"ಹನ್ನೆರಡು ಮಂದಿ ಒಂದ ಒಲಿಮ್ಯಾಲ ಉಣ್ತೀವ್ರಿ. ಸರಕಾರ ಕೊಟ್ಟದ್ದು ನಾ ಒಬ್ಬಾಕಿನ ಹೆಂಗ ತಿನ್ಲಿ?"

ನನ್ನ ಪಿತ್ತ ನೆತ್ತಿಗೇರಿತು. ಔಷಧ ಅಂದರೇನು, ಪ್ರಸಾದ ಅಂದರೇನು ಎಂದು ಶಾಲೆಯಲ್ಲಿ ಕೂಗಿದ್ದಕ್ಕಿಂತ ಜೋರಾಗಿ ಕೂಗಿದೆ. ಕೂಗುತ್ತಲೇ ತಲೆ ತಿರುಗಿ ಕುರ್ಚಿಯಲ್ಲಿ ಕುಸಿದೆ. ಡಾಕ್ಟರು ನನ್ನ ತೋಳಿಗೇ ಪಟ್ಟಿ ಕಟ್ಟಿದರು. ಮುಳ್ಳು ನೋಡಿ, "ಮ್ಯಾಡಮ್, ನಿಮ್ಮದು ಅವಳಿಗಿಂತ ಜಾಸ್ತಿ," ಎಂದರು.

ಅವಳ ಕೈಯಲ್ಲಿ ಆಗಷ್ಟೇ ಕೊಟ್ಟ ಗುಳಿಗೆಯ ಹೊಸ ಶೀಟು ಇತ್ತು. ಚಟ್ಟನೆ ಒಂದು ಗುಳಿಗೆ ಬಿಡಿಸಿ ನನ್ನ ಬಾಯಿಯ ಹತ್ತಿರ ಹಿಡಿದಳು.

"ಬೈಬ್ಯಾಡ್ರಿ ಅಕ್ಕೋರ, ಇದೊಂದ ಸಲ ಹಂಚ್ತೀನಿ. ಉಳಿದದ್ದೆಲ್ಲಾ ನಾನ ತಿಂತೀನಿ."